ನಾಲಿಗೆಯಿಲ್ಲದ ಗಂಟೆ

ಸಬ್ ಇನ್ಸ್‌ಪೆಕ್ಟರ್ ತುಂಗಾ ಒಳಗೆ ಕಾಲಿಟ್ಟಾಗ ಹೆಣ ಇನ್ನೂ ಹಾಸಿಗೆಯ ಮೇಲೆಯೇ ಇತ್ತು. ಹೆಸರು ಜಯಾ. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಮೈಮೇಲೆ ಒಂದು ಗೀರೂ ಇಲ್ಲ. ಪಕ್ಕದ ನೆಲದಲ್ಲಿ ಹೊಸ ಅಲಾರಾಂ ಗಡಿಯಾರ ಮಗುಚಿ ಬಿದ್ದಿತ್ತು.

"ಅಲಾರಾಂ ಬಾರಿಸ್ತು ಮೇಡಂ. ದಡಕ್ಕನ ಎದ್ದು ಕುಂತಳು. ಹಂಗ ಹಿಂದಕ್ಕ ಬಿದ್ದಳು," ಎಂದ ಗಂಡ ಸುನೀಲ್. ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಅವನಿಗೆ ಕೆಲಸ.

"ಗಡಿಯಾರ ಯಾವಾಗ ತಂದ್ರಿ?"

ಈ ಮರಾಠಿ ಊರಿನಲ್ಲಿ ತನ್ನ ಮಾತಿಗೆ ಧಾರವಾಡದ ಕನ್ನಡದಲ್ಲೇ ಪ್ರಶ್ನೆ ಬಂದದ್ದು ಕೇಳಿ ಅವನು ತಲೆಯೆತ್ತಿದ.

"ನಿನ್ನೆ. ದಿನಾ ಅವ್ವ ಎಬ್ಬಿಸ್ತಿದ್ದಳು. ಆಕಿ ನಿನ್ನೆ ಸೊಲ್ಲಾಪುರಕ್ಕ ಹೋದಳು. ನಾ ಜಲ್ದಿ ಬಸ್ ಹಿಡೀಬೇಕಿತ್ತು."

ಅಷ್ಟರಲ್ಲಿ ಜಯಾಳ ಅಪ್ಪ ಹೊನ್ನಪ್ಪ ಬಂದ. ಸೇನೆಗೆ ಮದ್ದುಗುಂಡು ತಯಾರಿಸುವ ಆರ್ಡ್‌ನನ್ಸ್ ಫ್ಯಾಕ್ಟರಿಯ ನೌಕರ. ಹೆಣದ ಕಡೆ ಒಮ್ಮೆ ನೋಡಿ ಅಳಿಯನತ್ತ ಬೆರಳು ತೋರಿಸಿದ. "ವರದಕ್ಷಿಣಿಗೆ ಕೊಂದಾರ! ಅತ್ತಿ ರಾತ್ರೋರಾತ್ರಿ ಓಡಿಹೋಗ್ಯಾಳ!"

ಆ ಮಹಾಲ್ ಬಡಾವಣೆಯ ಗಲ್ಲಿಗೆ ತೀರ್ಪು ಕೊಡಲು ಕೋರ್ಟು ಬೇಕಿಲ್ಲ. ಮಧ್ಯಾಹ್ನದೊಳಗೆ ಸುನೀಲ್ ಕೊಲೆಗಾರನಾದ. ಸಂಜೆಯೊಳಗೆ ಲಾಕಪ್ಪು ಸೇರಿದ. ಅವನ ತಾಯಿಯನ್ನೂ ಸೊಲ್ಲಾಪುರದಿಂದ ಎಳೆದು ತಂದರು.

* * *

ಶವಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ವಿಷವಿಲ್ಲ, ಉಸಿರುಕಟ್ಟಿಸಿದ ಗುರುತಿಲ್ಲ, ಹೃದಯವೂ ನೋಡಲು ಚೆನ್ನಾಗಿಯೇ ಇತ್ತು.

"ದಿಂಬು ಒತ್ತಿರಬೇಕು," ಎಂದರು ಹಿರಿಯ ಅಧಿಕಾರಿ. "ಗಂಟೆ ಕೇಳಿ ಯಾರಾದರೂ ಸಾಯ್ತಾರಾ? ಚಾರ್ಜ್‌ಶೀಟ್ ತಯಾರಿ ಮಾಡು."

ತಾಯಿ ಮಗ ಇಬ್ಬರೂ ಜೈಲಿಗೆ ಹೋಗುವುದು ಖಚಿತವಾಗಿತ್ತು. ತುಂಗಾಳಿಗೆ ಮಾತ್ರ ಸಮಾಧಾನವಿಲ್ಲ. ಹೇಳಿಕೆ ಪಡೆಯುವ ನೆಪದಲ್ಲಿ ಹೊನ್ನಪ್ಪನ ಕ್ವಾರ್ಟರ್ಸಿಗೆ ಹೋದಳು.

ಕರೆಗಂಟೆ ಇರಬೇಕಾದ ಕಡೆ ಎರಡು ತುಂಡು ತಂತಿ. ಒಳಗೆ ಟೆಲಿಫೋನಿಗೆ ದಪ್ಪ ಟವೆಲು ಸುತ್ತಿತ್ತು. ದೇವರ ಮುಂದೆ ಹಿತ್ತಾಳೆಯ ಪೂಜೆ ಗಂಟೆ. ತುಂಗಾ ಎತ್ತಿ ಅಲ್ಲಾಡಿಸಿದಳು. ಸದ್ದೇ ಇಲ್ಲ. ಒಳಗೆ ನಾಲಿಗೆಯನ್ನೇ ಬಿಚ್ಚಿ ತೆಗೆದಿದ್ದರು.

"ಇದ್ಯಾಕ ಹಿಂಗ?"

"ಸಪ್ಪಳಾ ಇವರಿಗೆ ಆಗಂಗಿಲ್ರಿ," ಎಂದಳು ಹೊನ್ನಪ್ಪನ ಹೆಂಡತಿ ಗೌರಮ್ಮ. ಗಂಡನ ಮುಖ ನೋಡಲಿಲ್ಲ.

ಫ್ಯಾಕ್ಟರಿಯಲ್ಲಿ ದಿನವಿಡೀ ಯಂತ್ರಗಳ ನಡುವೆ ನಿಲ್ಲುವವನಿಗೆ ಪೂಜೆ ಗಂಟೆ ಆಗದಂತೆ! ಒಳಕೋಣೆಯಲ್ಲಿ ಕಿರಿಯ ಮಗಳು ಅಕ್ಷರಾ ಮಲಗಿದ್ದಳು. ಗೌರಮ್ಮ ಅವಳನ್ನು ಕೂಗಿ ಎಬ್ಬಿಸಲಿಲ್ಲ. ಪಾದ ಸವರಿ ಸವರಿ ಎಬ್ಬಿಸಿದಳು.

* * *

"ಸಾಯ್ತಾರೆ," ಎಂದರು ಹೃದಯ ತಜ್ಞ ಡಾಕ್ಟರ್ ಹೃಷಿಕೇಶ. "ಒಂದು ಕಾಲಕ್ಕೆ ಇದನ್ನು ಫಿಟ್ಸ್ ಅಂತಿದ್ದರು. ನಾನು ಓದುವಾಗ ಹೃದಯಕ್ಕೆ ಹೋಗುವ ನರಗಳ ತಪ್ಪು ಅಂತ ಕಲಿಸಿದರು. ಈಗ ಐದಾರು ವರ್ಷದಿಂದ ಗೊತ್ತಾಗಿರೋದೇ ಬೇರೆ. ಹೃದಯದ ಜೀವಕೋಶಗಳಲ್ಲಿ ಉಪ್ಪಿನಂಶ ಹೋಗಿ ಬರುವ ಸಣ್ಣ ಬಾಗಿಲುಗಳಿವೆ. ಹುಟ್ಟಿನಿಂದಲೇ ಅವು ಸರಿಯಿಲ್ಲದಿದ್ದರೆ, ಪ್ರತಿ ಮಿಡಿತದ ನಂತರ ಸಾವರಿಸಿಕೊಳ್ಳಲು ಹೃದಯಕ್ಕೆ ತಡ. ಅಂಥವರನ್ನು ನಿದ್ದೆಯಿಂದ ಗಂಟೆ ಬಾರಿಸಿ ಎಬ್ಬಿಸಿದರೆ ತಾಳ ತಪ್ಪಿ ನಿಂತೇ ಹೋಗಬಹುದು. ಆಮೇಲೆ ಕುಯ್ದು ನೋಡಿದರೆ ಏನೂ ಕಾಣೋದಿಲ್ಲ."

"ಔಷಧ ಇಲ್ಲವಾ?"

"ಇದೆ. ದಿನಾ ಮಾತ್ರೆ, ತಪ್ಪಿಸಬಾರದು."

"ಸತ್ತವಳಿಗೆ ಇದೇ ಇತ್ತು ಅಂತ ತೋರಿಸೋದು ಹೇಗೆ?"

"ರಕ್ತಸಂಬಂಧದಲ್ಲಿ ಬರುವ ದೋಷ ಇದು. ಒಡಹುಟ್ಟಿದವರು ಇದ್ದಾರಾ?"

ಮರುದಿನ ಹೊನ್ನಪ್ಪ ಡ್ಯೂಟಿಗೆ ಹೋದ ಮೇಲೆ ತುಂಗಾ ಹೇಳಿಕಳಿಸಿದಂತೆ ಗೌರಮ್ಮ ತಾನೇ ಅಕ್ಷರಾಳನ್ನು ಆಸ್ಪತ್ರೆಗೆ ಕರೆದುಕೊಂಡು ಬಂದಳು. ಇಸಿಜಿ ನೋಡಿ ಡಾಕ್ಟರು ತಲೆಯಾಡಿಸಿದರು. ಅದೇ ದೋಷ. ಜಯಾಳೂ ಮದುವೆಗೆ ಮುಂಚೆ ದಿನಾ ಮಾತ್ರೆ ನುಂಗುತ್ತಿದ್ದಳೆಂದು ಗೌರಮ್ಮ ಅಲ್ಲೇ ಹೇಳಿದಳು.

* * *

ಠಾಣೆಯಲ್ಲಿ ಎಲ್ಲರನ್ನೂ ಕೂಡಿಸಿದಳು ತುಂಗಾ. ಹೊನ್ನಪ್ಪನ ಎದುರು ಆ ಪೂಜೆ ಗಂಟೆ ಇಟ್ಟಳು.

"ಗಂಟಿ ಬಾರಿಸಿದ್ರ ಮಗಳು ಬೀಳ್ತಾಳ ಅಂತ ನಿಮಗ ಗೊತ್ತಿತ್ತು. ಅದಕ್ಕ ಮನ್ಯಾಗ ಸಪ್ಪಳಾನ ಇಲ್ಲ. ಗುಳಿಗಿ ನಿಲ್ಲಿಸಿದವ್ರು ಯಾರು?"

"ಇವ್ರ ರೀ," ಗೌರಮ್ಮ ಅಳಲೂ ಇಲ್ಲ. "ಮದುವಿ ಮುಂದ ನಿಲ್ಲಿಸಿದ್ರು. ಅತ್ತಿ ಮನ್ಯಾಗ ಗುಳಿಗಿ ಕಂಡ್ರ ತಿರುಗಿ ಕಳಸ್ತಾರ ಅಂದ್ರು. ಯಾರಿಗೂ ಹೇಳಬ್ಯಾಡ ಅಂತ ಜಯಾನ ಕಡೆ ಆಣಿ ಮಾಡಿಸ್ಕೊಂಡ್ರು."

"ರೋಗ ಐತಿ ಅಂದ್ರ ಯಾರ ಮಾಡ್ಕೋತಾರ?" ಹೊನ್ನಪ್ಪ ಗುಡುಗಿದ.

"ಹಂಗಾರ ಅಳಿಯನ ಮ್ಯಾಲೆ ದೂರು ಯಾಕ ಕೊಟ್ರಿ?"

ಅವನು ಒಮ್ಮೆ ಬಾಗಿಲ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿದ. "ಅಕ್ಷರಾನ್ನ ನೋಡಾಕ ಬರೋರದಾರ. ಅಕ್ಕ ರೋಗದಿಂದ ಸತ್ತಳಂದ್ರ ಈಕಿ ಮದುವಿ ಮುಗೀತು. ಅತ್ತಿಮನ್ಯಾವ್ರು ಕೊಂದ್ರು ಅಂದ್ರ ಈಕಿಗೇನೂ ಕಳಂಕಿಲ್ಲ." ತುಂಗಾಳ ಕಡೆ ಬಾಗಿದ. "ಮೇಡಂ, ಇದು ಹೊರಗ ಹೋಗದಂಗ ನೋಡ್ರಿ."

ತುಂಗಾ ಕಾಗದ ಎಳೆದುಕೊಂಡು ಅವನ ಹೇಳಿಕೆ ಬರೆಯತೊಡಗಿದಳು. ಸುಳ್ಳು ದೂರಿಗೆ ಕಾನೂನಿನಲ್ಲಿ ಕಲಮುಂಟು. ಮಾತ್ರೆ ನಿಲ್ಲಿಸಿ ಮಗಳನ್ನು ಧಾರೆಯೆರೆದ ಅಪ್ಪನಿಗೆ ಯಾವ ಕಲಮು?

ಸುನೀಲನನ್ನು ಬಿಟ್ಟರು. ಜಪ್ತಿ ಮಾಡಿದ್ದ ಸಾಮಾನನ್ನು ಕಾನ್‌ಸ್ಟೇಬಲ್ ಮೇಜಿನ ಮೇಲೆ ಇಟ್ಟ. ಬೆಲ್ಟು, ಪಾಸು, ಅಲಾರಾಂ ಗಡಿಯಾರ. ಸುನೀಲ್ ಬೆಲ್ಟು, ಪಾಸು ತೆಗೆದುಕೊಂಡ. ಗಡಿಯಾರ ಮುಟ್ಟಲಿಲ್ಲ. ಮಾವನ ಎದುರು ಹೋಗಿ ನಿಂತ.

"ಒಂದ ಮಾತ ಹೇಳಬಾರದಿತ್ತೇನ್ರಿ?" ಎಂದ. "ಹೇಳಿದ್ರ ದಿನಾ ನಾನ ಕೈಲೆ ಮುಟ್ಟಿ ಎಬ್ಬಿಸ್ತಿದ್ನಲ್ರೀ."