ಪಾವಗಡದ ರಸ್ತೆಗೆ ಮಧುಗಿರಿಯ ಷರತ್ತು

ಸೋಮವಾರ ಬೆಳಿಗ್ಗೆ ಸರ್ವಮಂಗಳಾ ಪಾವಗಡದ ರಸ್ತೆಯನ್ನು ಮುಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಪ್ರಸನ್ನ ಕುಮಾರ್ ಮಧುಗಿರಿಯ ಕರೆಂಟು ತೆಗೆದ.

ಇಬ್ಬರೂ ಕೂತಿದ್ದದ್ದು ಮಧುಗಿರಿಯ ಒಂದು ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ, ಒಂದೇ ಉದ್ದ ಟೇಬಲ್ಲಿನ ಎರಡು ತುದಿಗಳಲ್ಲಿ. ಬಿ.ಎ. ಕೊನೆಯ ವರ್ಷ, ಮೇಜರ್ ಅಂತರರಾಷ್ಟ್ರೀಯ ಸಂಬಂಧ. ಈ ಮೇಜರ್‌ಗೆ ಸ್ವಂತ ಡಿಪಾರ್ಟ್‌ಮೆಂಟ್ ಇರಲಿಲ್ಲ, ಸ್ವಂತ ಕೋಣೆಯೂ ಇರಲಿಲ್ಲ. ಇತಿಹಾಸ, ಅರ್ಥಶಾಸ್ತ್ರ, ಭೂಗೋಳ, ರಾಜ್ಯಶಾಸ್ತ್ರದವರು ಸರದಿಯ ಮೇಲೆ ಬಂದು ಪಾಠ ಮಾಡಿ ಹೋಗುತ್ತಿದ್ದರು. ಓದುತ್ತಿದ್ದವರು ಹದಿನಾರು ಜನ. ಬಿ.ಕಾಂ. ಹುಡುಗರು ಇವರನ್ನು ಕಂಡರೆ “ವಿಶ್ವಸಂಸ್ಥೆ ಬಂತು, ದಾರಿ ಬುಡ್ರಲಾ” ಎಂದು ಕೂಗುತ್ತಿದ್ದರು.

ಕೊನೆಯ ಸೆಮಿಸ್ಟರಿನ ಇಂಟರ್ನಲ್ಸ್‌ಗೆ ರಾಜ್ಯಶಾಸ್ತ್ರದ ರೇಣುಕಪ್ರಸಾದ್ ಸರ್ ಒಂದು ಆಟ ಕಟ್ಟಿದ್ದರು. ನಾಲ್ಕು ತಾಲ್ಲೂಕು, ನಾಲ್ಕು ದೇಶ. ಶಿರಾಕ್ಕೆ ಹೈವೇ ಮತ್ತು ಕಡಲೆಕಾಯಿ ಎಣ್ಣೆ, ಕೊರಟಗೆರೆಗೆ ನೀರು, ಪಾವಗಡಕ್ಕೆ ಬಿಸಿಲಿನ ಕರೆಂಟು. “ಪಾವಗಡದ ಸುತ್ತ ಇರೋ ಆಂಧ್ರಾನ ಸಮುದ್ರ ಅಂತ ತಿಳ್ಕೊಳ್ಳಿ,” ಎಂದಿದ್ದರು ಸರ್. “ಹೊರಗೆ ಬರೋಕೆ ಇರೋದು ಒಂದೇ ರಸ್ತೆ. ಅದು ಮಧುಗಿರಿ ಕೈಲಿದೆ.” ನಾಲ್ವರ ತಂಡ ಶುಕ್ರವಾರದೊಳಗೆ ಒಪ್ಪಂದ ಬರೆದು, ನಾಲ್ಕು ಮೇಷ್ಟ್ರುಗಳ ಮುಂದೆ ಇಡಬೇಕು. ಒಂದು ಸಹಿ ಕಮ್ಮಿಯಾದರೂ ನಾಲ್ವರಿಗೂ ಸೊನ್ನೆ.

ಸೊನ್ನೆ ಎಂದರೆ ಸರ್ವಮಂಗಳಾಗೆ ದೆಹಲಿ ಇಲ್ಲ. ಅಲ್ಲಿನ ಎಂ.ಎ. ಪ್ರವೇಶದ ಮೊದಲ ಪಟ್ಟಿಯಲ್ಲಿ ಅವಳ ಹೆಸರಿತ್ತು. ಈ ಪೇಪರಿನಲ್ಲಿ ಫಸ್ಟ್ ಕ್ಲಾಸ್ ಬಂದರೆ ಸೀಟು ಖಾಯಂ. ಕೊರಟಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅಪ್ಪ ಪರ್ವತಯ್ಯ ಒಂದೇ ಮಾತು ಹೇಳಿದ್ದರು: “ಸೀಟು ಸಿಕ್ರೆ ಹೋಗು. ಸಿಗದಿದ್ರೆ ಮತ್ತೆ ಆ ಸುದ್ದಿ ಎತ್ತಬ್ಯಾಡ.”

ಅವಳು ಮಧುಗಿರಿಯ ಪ್ರತಿನಿಧಿ. ಪಾವಗಡದ ಪ್ರತಿನಿಧಿ ಪ್ರಸನ್ನ ಕುಮಾರ್. ಅವನು ನಿಜವಾಗಿಯೂ ಪಾವಗಡದ ಕಡೆಯವನೇ, ದಿನಾ ಬಸ್ಸಿನಲ್ಲಿ ಬರುವವನು. ಹೆಸರು ಪ್ರಸನ್ನ. ಮೂರು ವರ್ಷದಲ್ಲಿ ಅವನ ಮುಖದ ಮೇಲೆ ಆ ಹೆಸರಿಗೆ ಸಾಕ್ಷಿ ಏನೂ ಸಿಕ್ಕಿರಲಿಲ್ಲ.

ಲೈಬ್ರರಿಯಲ್ಲಿ ಅವನ ಕುರ್ಚಿಗೆ ಹೋಗಲು ಗೋಡೆಗೂ ಅವಳ ಕುರ್ಚಿಗೂ ನಡುವೆ ಇದ್ದ ಸಂದಿಯೊಂದೇ ದಾರಿ.

“ಚೇರ್ ಸರಿಸು.”

“ಪರ್ಮಿಟ್ ಇದ್ಯಾ?”

“ಏನ್ ಪರ್ಮಿಟ್?”

“ಇದು ಮಧುಗಿರಿ. ಪಾವಗಡದೋರು ಅರ್ಜಿ ಹಾಕ್ಬೇಕು. ಪರಿಶೀಲಿಸ್ತೀವಿ.”

“ಅಮ್ಮಾ ತಲ್ಲೀ, ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡ. ಬ್ಯಾಗ್ ಭಾರ ಇದೆ.” ಅವನ ಕನ್ನಡದಲ್ಲಿ ಆಗಾಗ ತೆಲುಗು ನುಸುಳುತ್ತಿತ್ತು.

ಅವಳು ಸರಿಯಲಿಲ್ಲ. ಅವನು ಬ್ಯಾಗನ್ನು ತಲೆಯ ಮೇಲೆತ್ತಿಕೊಂಡು, ಹೊಟ್ಟೆ ಒಳಗೆಳೆದು, ಗೋಡೆಗೆ ಅಂಟಿಕೊಂಡು ದಾಟಿದ. ದಾಟುವಾಗ ಅವನ ಅಂಗಿಯ ತೋಳು ಅವಳ ಕಿವಿಗೆ ತಗುಲಿತು. ಸೋಪಿನ ವಾಸನೆ, ಬಸ್ಸಿನ ಧೂಳಿನ ವಾಸನೆ. ಅದು ಗಮನಕ್ಕೆ ಬಂದದ್ದಕ್ಕೇ ಅವಳಿಗೆ ಕೋಪ ಬಂತು.

ಮಧ್ಯಾಹ್ನ ಅವಳ ಫೋನ್ ಸತ್ತಿತು. ಕೆಲಸ ಮಾಡುತ್ತಿದ್ದ ಒಂದೇ ಪ್ಲಗ್ ಪಾಯಿಂಟ್ ಅವನ ಬೆನ್ನ ಹಿಂದಿತ್ತು. ಅವಳ ಚಾರ್ಜರ್ ಕಿತ್ತು ಟೇಬಲ್ ಮೇಲೆ ನೀಟಾಗಿ ಸುತ್ತಿ ಇಟ್ಟಿದ್ದ.

“ಯಾರು ಕಿತ್ತಿದ್ದು?”

“ಪಾವಗಡ ಸರ್ಕಾರ.”

“ನಾಚಿಕೆ ಆಗಲ್ವಾ?”

“ರಸ್ತೆ ಬಿಡು, ಕರೆಂಟು ತಗೋ.” ಅವನು ಪುಸ್ತಕದಿಂದ ಕಣ್ಣೆತ್ತಲಿಲ್ಲ. ಮಾತೆಲ್ಲ ಮುಗಿದ ಮೇಲೆ ಒಂದೇ ಒಂದು ಸಲ ನೋಡುವುದು ಅವನ ರೂಢಿ. ನೋಡಿದ. ಅವಳು ಆಗಲೇ ನೋಡುತ್ತಿದ್ದಳು.

ಲೈಬ್ರರಿ ನೋಡಿಕೊಳ್ಳುವ ಗಂಗಲಕ್ಷ್ಮಮ್ಮ ಕೌಂಟರಿನಿಂದಲೇ ಗದರಿದರು. “ಇಬ್ರೂ ಆಚಿಕ್ಕೆ ನಡೀರಿ. ಒಳ್ಳೆ ಗಂಡ ಹೆಂಡ್ತಿ ಕಿತ್ತಾಡ್ದಂಗೆ ಆಡ್ತಾವೆ, ಇಲ್ಲಿ ಓದೋರು ಇಲ್ವಾ?”

“ಥೂ,” ಎಂದರು ಇಬ್ಬರೂ ಒಟ್ಟಿಗೆ.

ಮಂಗಳವಾರ, ಬುಧವಾರ ಅದೇ ಜಗಳ. ಶಿರಾದ ಪ್ರತಿನಿಧಿ ಚೇತನ್ ಕುಮಾರ್, ಕೊರಟಗೆರೆಯ ಪ್ರತಿನಿಧಿ ಅಶ್ವಿನಿ ಇಬ್ಬರೂ ಆಗಲೇ ಸಹಿ ಹಾಕಿ ಆಕಳಿಸುತ್ತಿದ್ದರು. ಅಶ್ವಿನಿ ಹಾಸ್ಟೆಲಿನಲ್ಲಿ ಸರ್ವಮಂಗಳಾಳ ರೂಮ್‌ಮೇಟ್ ಕೂಡ.

“ಒಂದು ವರ್ಷಕ್ಕೆ ಪರ್ಮಿಟ್ ಕೊಡ್ತೀನಿ,” ಎಂದಳು ಸರ್ವಮಂಗಳಾ. “ಸರಿಯಾಗಿ ನಡ್ಕೊಂಡ್ರೆ ಮುಂದುವರಿಸ್ತೀನಿ. ಬದಲಿಗೆ ಅರ್ಧ ರೇಟಿಗೆ ಕರೆಂಟು.”

“ಪರ್ಮಿಟ್ ಬೇಡ. ಹಕ್ಕು ಅಂತ ಬರಿ.”

“ಹಕ್ಕು ಅಂತ ಬರೆದ್ರೆ ನನ್ನ ಕೈಲಿ ಏನು ಉಳಿಯುತ್ತೆ?”

“ಮರ್ಯಾದೆ ಉಳಿಯುತ್ತೆ.”

“ಮರ್ಯಾದೆಗೆ ಮಾರ್ಕ್ಸ್ ಕೊಡಲ್ಲ ಕಣೋ.”

ಅವನು ಪೆನ್ನಿನ ಮುಚ್ಚಳವನ್ನು ಕೆಳತುಟಿಗೆ ಒತ್ತಿಕೊಂಡ. ಆ ಅಭ್ಯಾಸವೂ ಅವಳಿಗೆ ಸೇರುತ್ತಿರಲಿಲ್ಲ.

“ಸೆಕೆಂಡ್ ಪಿಯು ಪರೀಕ್ಷೆ ಟೈಮಲ್ಲಿ ಆಂಧ್ರ ಕಡೆ ಬಂದ್ ಆಯ್ತು,” ಎಂದ. “ಅದು ಅವ್ರ ಜಗಳ, ನಮಗೆ ಸಂಬಂಧ ಇಲ್ಲ. ಆದ್ರೆ ನಮ್ಮ ಬಸ್ಸು ಅವ್ರ ನೆಲದ ಮೇಲೆ ಹಾದು ಬರ್ಬೇಕಲ್ಲ. ನಡೂದಾರಿಲಿ ನಿಲ್ಲಿಸಿದ್ರು. ಇಂಗ್ಲಿಷ್ ಪೇಪರ್ ಹೋಯ್ತು. ಇನ್ನೊಬ್ರ ದಯೆ ಮೇಲೆ ಇರೋ ರಸ್ತೆ ರಸ್ತೆ ಅಲ್ಲ.”

“ಅದಕ್ಕೆ ನನ್ನ ದೆಹಲಿ ಬಲಿ ಕೊಡ್ಬೇಕಾ?” ಅವಳ ದನಿ ಏರಿತು. “ನಂಗೆ ಮಾರ್ಕ್ಸ್ ಬೇಕು ಅಂತ ನಿಂಗೆ ಗೊತ್ತು. ಅದನ್ನೇ ಹಿಡ್ಕೊಂಡು ಬ್ಲ್ಯಾಕ್‌ಮೇಲ್ ಮಾಡ್ತಿದ್ಯಾ. ನಿಮ್ಮ ತಾಲ್ಲೂಕಲ್ಲಿ ಬಿಸಿಲು ಬಿಟ್ರೆ ಇನ್ನೇನಿದೆ? ಅದನ್ನೂ ಮಾರ್ಕೊಂಡು ಕೂತಿದೀರ.”

ಚೇತನ್ ಆಕಳಿಕೆ ನಿಲ್ಲಿಸಿದ. ಪ್ರಸನ್ನ ಬ್ಯಾಗ್ ಎತ್ತಿಕೊಂಡ. ಈ ಸಲ ಅವಳೇ ಕುರ್ಚಿ ಸರಿಸಿದಳು. ಅವನು ಟೇಬಲ್ ಹಾರಿ ಹೋದ.

ಗುರುವಾರ ಅವನು ಲೈಬ್ರರಿಗೆ ಬರಲಿಲ್ಲ. ಸಂಜೆ ಹಾಸ್ಟೆಲಿನಲ್ಲಿ ಅಶ್ವಿನಿ ಒಪ್ಪಂದದ ಕಾಗದ ತಂದು ಮಂಚದ ಮೇಲೆ ಎಸೆದಳು. “ತಗೋ ಕಣೇ, ನಿನ್ನ ದೆಹಲಿ. ಹಾಳೆ ತಿರುವಿ ನೋಡ್ಲೂ ಇಲ್ಲ, ಸಹಿ ಹಾಕಿ ಬಸ್ ಹತ್ತಿದ.”

ಸರ್ವಮಂಗಳಾ ಓದಿದಳು. ಅವಳದೇ ಷರತ್ತುಗಳು. ಒಂದು ವರ್ಷದ ಪರ್ಮಿಟ್, ಅರ್ಧ ರೇಟು. ಕೆಳಗೆ ಅವನ ಸಹಿ. ಗೆದ್ದಿದ್ದಳು. ಊಟಕ್ಕೆ ಕೂತವಳು ಮುದ್ದೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಳು.

“ಏನಾಯ್ತು?” ಎಂದಳು ಅಶ್ವಿನಿ.

“ಅವನಿಗೆ ಎಷ್ಟು ಕೊಬ್ಬು ನೋಡು.”

“ಸಹಿ ಹಾಕಿದ್ದಕ್ಕಾ?”

“ಹೂಂ.”

ಶುಕ್ರವಾರ ನಾಲ್ಕು ಮೇಷ್ಟ್ರುಗಳು ಸಾಲಾಗಿ ಕೂತರು. ರೇಣುಕಪ್ರಸಾದ್ ಸರ್ ಕಾಗದ ನೋಡಿ ತಲೆಯಾಡಿಸಿದರು. “ಮೂರು ಸಹಿ ಇದೆ. ಮಧುಗಿರಿದು ಎಲ್ಲಿದೆಯಮ್ಮ?”

“ನಾನು ಹಾಕಲ್ಲ ಸರ್.”

ಅಶ್ವಿನಿ ಅವಳ ತೊಡೆ ಚಿವುಟಿದಳು. ಹಿಂದಿನ ಬೆಂಚಿನಲ್ಲಿ ಪ್ರಸನ್ನ ತಲೆ ಎತ್ತಿದ.

“ಇದು ನಿನ್ನದೇ ಷರತ್ತು ಅಲ್ವೇನಮ್ಮ?” ಎಂದರು ಅರ್ಥಶಾಸ್ತ್ರದ ಮಲ್ಲೇಶ್ ಸರ್. “ಇಷ್ಟು ಲಾಭ ಬರ್ತಿರೋವಾಗ ಬ್ಯಾಡ ಅಂದೋರನ್ನ ನಾನು ಇವತ್ತೇ ನೋಡಿದ್ದು.”

ಅವಳು ರೇಣುಕಪ್ರಸಾದ್ ಸರ್ ಕಡೆ ತಿರುಗಿದಳು. “ಪಾವಗಡ ಓದದೆ ಸಹಿ ಹಾಕಿದೆ ಸರ್. ಒತ್ತಡಕ್ಕೆ ಹಾಕಿದ ಸಹಿ ಊರ್ಜಿತ ಆಗಲ್ಲ ಅಂತ ನೀವೇ ಪಾಠ ಮಾಡಿದೀರ.”

“ಯಾವ ಒತ್ತಡ?”

“ಅವರನ್ನೇ ಕೇಳಿ.”

ಪ್ರಸನ್ನ ಎದ್ದು ನಿಂತ. “ಒತ್ತಡ ಏನಿಲ್ಲ ಸರ್. ರಾಷ್ಟ್ರೀಯ ಹಿತಾಸಕ್ತಿ.”

“ಇರೋ ಒಂದು ರಸ್ತೆ ಬಿಟ್ಟುಕೊಡೋದು ಯಾವ ಸೀಮೆ ಹಿತಾಸಕ್ತಿನಯ್ಯ?”

ಅವನ ಕಿವಿ ಕೆಂಪಗಾದವು. ಕ್ಲಾಸ್ ‘ಓ’ ಎಂದು ಕೂಗಿತು. ಇತಿಹಾಸದ ಪುಷ್ಪಾವತಿ ಮೇಡಂ ಕನ್ನಡಕ ತೆಗೆದು ಇಬ್ಬರನ್ನೂ ನೋಡಿ, ರೇಣುಕಪ್ರಸಾದ್ ಸರ್ ಕಿವಿಯಲ್ಲಿ ಏನೋ ಹೇಳಿದರು.

“ಊಟದ ಬೆಲ್‌ವರೆಗೆ ಟೈಮ್,” ಎಂದರು ಸರ್. “ಆಮೇಲೆ ಸೊನ್ನೆ. ಹೊರಗೆ ಹೋಗಿ ಮಾತಾಡಿ.”

ವರಾಂಡದಲ್ಲಿ ಅವನೇ ಮೊದಲು ಬಯ್ದ. “ತಲೆ ನೆಟ್ಟಗಿದ್ಯಾ ನಿಂಗೆ? ಸುಮ್ನೆ ಒಂದು ಸಹಿ ಹಾಕಿದ್ರೆ ಮುಗೀತಿತ್ತು. ಸೀಟು ಹೋಗುತ್ತೆ, ಗೊತ್ತಾ?”

“ನನ್ನ ಸೀಟು ನನ್ನ ಪಾಡು. ನೀನ್ಯಾರು ಭಿಕ್ಷೆ ಹಾಕೋಕೆ?”

“ಭಿಕ್ಷೆ ಅಲ್ಲ.”

“ಮತ್ತೇನು? ಮೂರು ದಿನ ಜಗಳ ಆಡಿದ್ದು ನನ್ನ ಎದುರು ಸರಿಸಮ ಒಬ್ಬ ಇದ್ದಾನೆ ಅಂತ. ಹಿಂಗೆ ಬಗ್ಗಿಬಿಟ್ರೆ ನಾನು ಗೆದ್ದಿದ್ದು ಯಾರನ್ನ?” ದನಿ ಒಡೆಯಿತು. ಅವಳು ಕೆಮ್ಮಿ ಅದನ್ನು ಸರಿಮಾಡಿಕೊಂಡಳು. “ಬುಧವಾರ ನಾನು ಬಿಸಿಲಿನ ಮಾತು ಆಡಿದ್ದು ತಪ್ಪು. ಬೇಕಾದ್ರೆ ತಿರುಗಿ ಬಯ್ಯಿ. ಸಹಿ ಯಾಕೆ ಹಾಕ್ದೆ?”

“ನೀನು ದೆಹಲಿಗೆ ಹೋಗ್ಲಿ ಅಂತ.”

“ನಾನು ತೊಲಗಿದ್ರೆ ನಿಂಗೆ ನೆಮ್ಮದಿ.”

“ಇಲ್ಲ.” ಅವನು ಕಂಬದ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದ. “ನೀನು ಹೋದ್ರೆ ನಂಗೆ ಇಲ್ಲಿ ಒಂದು ದಿನಾನೂ ಸರಿ ಹೋಗಲ್ಲ. ಆದ್ರೆ ಅದು ಪಾವಗಡದ ಆಂತರಿಕ ವಿಷಯ. ಮಧುಗಿರಿ ತಲೆ ಹಾಕೋ ಹಂಗಿಲ್ಲ.”

ಮಾತು ಮುಗಿದ ಮೇಲೆ ಒಂದೇ ಸಲ ನೋಡುವವನು ಈಗ ನೋಡುತ್ತಲೇ ಇದ್ದ. ಅವಳು ಕಣ್ಣು ತೆಗೆಯಲು ಪ್ರಯತ್ನಿಸಿದಳು. ಆಗಲಿಲ್ಲ.

“ಯಾವಾಗಿಂದ?”

“ಫಸ್ಟ್ ಇಯರ್‌ನಲ್ಲಿ ನನ್ನ ಸೆಮಿನಾರ್ ಪೇಪರನ್ನ ಕಸ ಅಂದೆಯಲ್ಲ, ಆವಾಗಿಂದ.”

“ಅದು ಕಸಾನೇ.”

“ಗೊತ್ತು. ಎರಡು ಸಲ ತಿದ್ದಿ ಬರ್ದೆ.”

“ಮೂರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ?”

“ನಿನ್ನ ಮುಖ ನೋಡಿದ್ರೆ ಯಾರಿಗೆ ಧೈರ್ಯ ಬರುತ್ತೆ, ಹೇಳು.”

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅದೇ ಕೈಯಿಂದ ಅವನ ಅಂಗಿಗೆ ಹತ್ತಿದ್ದ ಸುಣ್ಣ ಕೊಡವಬೇಕೆಂದೂ ಅನಿಸಿತು. ಎರಡೂ ಮಾಡದೆ ವರಾಂಡದ ಕಟ್ಟೆಯ ಮೇಲೆ ಕೂತು ಹೊಸ ಹಾಳೆ ತೆಗೆದಳು.

“ಕೂತ್ಕೋ. ರಸ್ತೆ ನಿಮ್ಮ ಹಕ್ಕು. ಬರ್ದಿದೀನಿ.”

“ಅರ್ಧ ರೇಟು ಆಗಲ್ಲ.”

“ಇಷ್ಟು ಬೇಗ ಚೇತರಿಸ್ಕೊಂಡ್ಯಾ? ಮುಕ್ಕಾಲು.”

“ಸರೇ, ಮುಕ್ಕಾಲು.”

“ನಮ್ಮಪ್ಪ ಒಪ್ಪಲ್ಲ. ನಿಮ್ಮಪ್ಪಾನೂ ಒಪ್ಪಲ್ಲ. ಜಾತಿ ಬೇರೆ. ಅದನ್ನ ಮರ್ತು ಕನಸು ಕಾಣೋ ಹುಡುಗಿ ನಾನಲ್ಲ.”

“ಅದು ಯಾವ ಕಲಂ?”

“ಯಾವ ಕಲಂನೂ ಅಲ್ಲ. ಹೇಳ್ತಿದೀನಿ.”

“ಅವ್ರು ಈ ಒಪ್ಪಂದದಲ್ಲಿ ಪಕ್ಷಗಾರರಲ್ಲ,” ಎಂದ ಅವನು. “ಮೊದ್ಲು ನೀನು ಒಪ್ಪಿದ್ಯಾ ಇಲ್ವಾ, ಅದು ಹೇಳು.”

ಅವಳು ಬರೆಯುತ್ತಾ ಹೋದಳು. ಒಳಗಿನಿಂದ ಅಶ್ವಿನಿ ಬಾಗಿಲಲ್ಲಿ ತಲೆ ಹಾಕಿ, ಗಡಿಯಾರ ತೋರಿಸಿ, ಮತ್ತೆ ಮಾಯವಾದಳು.

“ಕೊನೇ ಕಲಂ,” ಎಂದಳು ಸರ್ವಮಂಗಳಾ. “ಹಿಂದೆ ಸರಿಯೋದು. ಯಾವ ಪಕ್ಷ ಬೇಕಾದ್ರೂ ಹೊರಗೆ ಹೋಗ್ಬೋದು.”

ಅವನ ಮುಖ ಬಿಗಿಯಿತು. “ಅದು ಬೇಕಾ?”

“ಬೇಕು. ಹೋಗೋಕೆ ದಾರಿ ಇಲ್ಲದ ಒಪ್ಪಂದ ಜೈಲು.”

ಅವನು ಯೋಚಿಸಿದ. “ಹಂಗಾದ್ರೆ ಒಂದು ಮಾತು ಸೇರಿಸು. ಹೋಗೋರು ಮುಂಚೆ ತಿಳಿಸ್ಬೇಕು. ಫೋನಲ್ಲಿ ಅಲ್ಲ, ಇನ್ನೊಬ್ರ ಕೈಲಿ ಹೇಳಿ ಕಳ್ಸೋದಲ್ಲ. ಎದುರಿಗೆ ಬಂದು, ಮುಖ ನೋಡಿ.”

ಅವಳು ಹಾಗೇ ಬರೆದಳು. ಸಹಿ ಹಾಕಿ ಪೆನ್ನು ಅವನ ಕಡೆ ಚಾಚಿದಳು. ಅವನು ಈ ಸಲ ಮೊದಲ ಸಾಲಿನಿಂದ ಕೊನೆಯವರೆಗೆ ಓದಿ, ಒಂದು ಕಡೆ ಅಲ್ಪವಿರಾಮ ಹಾಕಿ, ಸಹಿ ಮಾಡಿದ. ಪೆನ್ನು ವಾಪಸ್ ಕೊಡುವಾಗ ಅವಳ ಬೆರಳನ್ನೂ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

“ಮುಖ ನೋಡು,” ಎಂದಳು.

ನೋಡಿದ.

“ಜುಲೈನಲ್ಲಿ ದೆಹಲಿಗೆ ಹೋಗ್ತೀನಿ. ಒಪ್ಪಂದದಿಂದಲ್ಲ, ಊರಿಂದ. ಈಗ್ಲೇ ತಿಳಿಸ್ತಿದೀನಿ.”

“ಸರಿ,” ಎಂದ ಅವನು. ಬೆರಳು ಬಿಡಲಿಲ್ಲ.

“ಅಳ್ತಿದ್ಯಾ?”

“ಇಲ್ಲ.”

“ಅಳೋದಾದ್ರೆ ಜುಲೈನಲ್ಲಿ ಅಳು. ಈಗ ಬೆಲ್ ಹೊಡೆಯುತ್ತೆ, ಇನ್ನೂ ಎರಡು ಸಹಿ ಬಾಕಿ,” ಎಂದು ಅವಳು ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಅವನನ್ನು ಹಿಡಿದುಕೊಂಡು ಕ್ಲಾಸಿನ ಬಾಗಿಲಿಗೆ ಓಡಿದಳು.