ಕುಂಕುಮ ಹಚ್ಚಿದ ಕಲ್ಲು

"ಈ ಕೋಣಿ ನಿಮಗ ಸಿಗಂಗಿಲ್ರಿ. ಬಾಜೂದವರ ಜಾಗಾದಾಗ ಐತಿ."

ಅಳತೆಯ ಸರಪಳಿ ಸುತ್ತುತ್ತ ಸರ್ವೇಯರ್ ಈರಣ್ಣ ಹೇಳಿದ ಮಾತು ಕೇಳಿ ಪ್ರಫುಲ್ಲಾ ಧಾವಿಸಿ ಅವನೆದುರು ನಿಂತಳು!

೧೯೫೬ರ ಮಲಾಡ್. ಹದಿನೈದು ವರ್ಷ ಬಾಡಿಗೆಗಿದ್ದ ಮನೆಯನ್ನು ಅಪ್ಪ ಶಿವಪುತ್ರಪ್ಪ ಕೊಳ್ಳಲು ಹೊರಟಿದ್ದೇ ಆ ಹಿಂದಿನ ಕೋಣೆಗಾಗಿ. ಹೋದ ವರ್ಷ ಅವ್ವ ಮಲ್ಲವ್ವ ಅಲ್ಲೇ, ಮಗಳ ತೊಡೆಯ ಮೇಲೆ ಕಣ್ಣು ಮುಚ್ಚಿದ್ದಳು.

"ಬಾಜೂದವರ ಕಡೆ ಎಷ್ಟು ತಿಂದೀರಿ?" ಓಣಿಯ ಮಂದಿಯ ಮುಂದೆಯೇ ಪ್ರಫುಲ್ಲಾ ಚೀರಿದಳು.

ಈರಣ್ಣನ ಮುಖ ಕಪ್ಪಿಟ್ಟಿತು. ಹಿತ್ತಲ ಬಾಗಿಲಲ್ಲಿದ್ದ ಕುಂಕುಮದ ಕಲ್ಲಿನ ಕಡೆ ಒಮ್ಮೆ ನೋಡಿದ. ಅದು ಅವ್ವ ಪೂಜಿಸುತ್ತಿದ್ದ ದೇವರು. ಬೆಳಿಗ್ಗೆ ಅವನು ಬಂದಾಗ ಪ್ರಫುಲ್ಲಾ ಅದಕ್ಕೇ ಕೈ ಮುಗಿದು ನಿಂತಿದ್ದಳು. ಈರಣ್ಣ ಸರಪಳಿ ಹೆಗಲಿಗೇರಿಸಿ ಹೊರಟುಬಿಟ್ಟ.

'ಕಳ್ಳ!' ಅಂದುಕೊಂಡಳು. ಹುಡುಗಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವನು ಲಂಚ ತಿಂದನೆಂದು ಅಪ್ಪನಿಂದ ಅವನ ಸಾಹೇಬರಿಗೆ ತಕರಾರು ಅರ್ಜಿ ಬರೆಸಿ ಕಳಿಸಿಯೂ ಆಯಿತು.

ಅವ್ವನ ಪುಣ್ಯತಿಥಿಗೆ ಕಲ್ಲು ತೊಳೆಯಲು ಕೂತಳು. ವರ್ಷಗಟ್ಟಲೆ ಮೆತ್ತಿದ ಕುಂಕುಮ ಉದುರಿತು. ಅಡಿಯಲ್ಲಿ... ಕೆತ್ತಿದ ಬಾಣದ ಗುರುತು!

ಅಂಗಳದ ಮೂಲೆಯ ಗಡಿಕಲ್ಲಿನ ಮೇಲೂ ಇದೇ ಗುರುತಿತ್ತು. ಈರಣ್ಣ ಸರಪಳಿ ಹಿಡಿದದ್ದು ಅಲ್ಲಿಂದಲೇ.

ಅವಳಿಗೆ ನೆನಪಾಯಿತು. ವಿಜಯಪುರದಿಂದ ಬಂದ ವರ್ಷ, "ದೇವ್ರು ಬಿಸಲಾಗ ಕುಂತಾನಲ್ಲ" ಅಂತ ಅವ್ವ ಹಿತ್ತಲಿಂದ ಕಲ್ಲು ಕಿತ್ತು ಉರುಳಿಸಿಕೊಂಡು ತಂದಿದ್ದಳು. ಗುರುತೇ ಇಲ್ಲದ ಆ ಜಾಗದಲ್ಲಿ ಮಾಲೀಕ ಗಡಿ ದಾಟಿ ಕೋಣೆ ಎಬ್ಬಿಸಿದ್ದ.

ಈರಣ್ಣ ಬಾಡಿಗೆಗಿದ್ದ ಚಾಳಿನ ಮನೆಗೆ ಓಡಿದಳು. ಅವನು ಟ್ರಂಕು ಹಿಡಿದು ಹೊಸ್ತಿಲಲ್ಲಿದ್ದ.

"ಎಲ್ಲಿಗ್ರಿ?"

"ಊರಿಗೆ. ನಿಮ್ಮ ಅರ್ಜಿ ವಿಚಾರಣೆ ಮುಗಿಯೂತನಕ ನೌಕರಿ ಇಲ್ಲ."

ಅವಳ ಕಣ್ಣು ತುಂಬಿತು. "ಆ ಕಲ್ಲು ನಿಮಗ ಅವತ್ತ ಗುರುತು ಹತ್ತಿತ್ತು. ಹೌದಲ್ರಿ?"

"ಹ್ಞೂಂ."

"ಮತ್ತ ಯಾಕ ಬರೀಲಿಲ್ಲ?"

"ಗಡಿಕಲ್ಲು ಕಿತ್ತವರ ಹೆಸರು ಬರೀಬೇಕಾಗತೈತಿ. ತೀರಿಕೊಂಡವ್ರು, ಉತ್ತರ ಕೊಡಾಕ ಬರ್ತಾರೇನ್ರಿ? ನೀವು ಬ್ಯಾರೆ 'ತೀರಿಹೋದ ಅವ್ವ ತಂದಿಟ್ಟ ದೇವ್ರು' ಅಂತ ಕೈ ಮುಗಿದು ನಿಂತಿದ್ರಿ... 'ಕಲ್ಲು ಕಾಣೆ' ಅಂತ ಬರದೀನಿ."

ಕಳ್ಳ ಅಂದಿದ್ದಳು. ಅವನು ಅವಳ ಅವ್ವನ ಹೆಸರು ಕಾಯುತ್ತಿದ್ದ! ನಾಚಿಕೆಯಿಂದ ಪ್ರಫುಲ್ಲಾ ಬಿಕ್ಕಿ ಬಿಕ್ಕಿ ಅತ್ತಳು.

"ನಾಳೆ ಸಾಹೇಬರ ಮುಂದ ನಾನ ಎಲ್ಲಾ ಹೇಳ್ತೀನಿ."

"ಅವ್ವಾರ ಹೆಸರು ಹೊರಗ ಬರತೈತಿ. ಕೋಣೀನೂ ಹೋಗತೈತಿ."

"ಅವ್ವ ಇದ್ದಿದ್ರ ಆಕಿನ ಹೇಳ್ತಿದ್ಲು. ಕೋಣಿ ಹೋಗ್ಲಿ... ನೀವು ಹೋಗಬ್ಯಾಡ್ರಿ."

ಈರಣ್ಣ ಮೆಲ್ಲಗೆ ಟ್ರಂಕು ಕೆಳಗಿಟ್ಟ.

"ಕೋಣಿ ಕೆಡವಿದ ಮ್ಯಾಲೆ ಆ ಕಲ್ಲು ಹಳೇ ಜಾಗಾದಾಗ ಹುಗೀಬೇಕು. ನನ್ನೊಬ್ಬನ ಕಡೆ ಏಳಂಗಿಲ್ಲ."

"ಇಬ್ರೂ ಎತ್ತೂಣು," ಅಂದಳು, ಕಣ್ಣೊರೆಸುತ್ತ. "ಹುಗದ ಮ್ಯಾಲೆ ದಿನಾ ಕುಂಕುಮ ಹಚ್ಚಬಹುದಲ್ರಿ?"

"ಹಚ್ಚರಿ. ಗುರುತು ಮುಚ್ಚಿದ್ರ ನಾನು ಒರಸ್ತೀನಿ."