ನಗುವವರ ಮೇಲೆ ಕಣ್ಣಿಟ್ಟವಳು

ಭಾನುವಾರ ಬೆಳಿಗ್ಗೆ ಸಿಕಂದರಾಬಾದಿನ ಆಸ್ಪತ್ರೆಯೊಂದರ ಹಾಲ್‌ನಲ್ಲಿ ಕೂತು ಶಿವದೇವಿ ಸುತ್ತಲಿದ್ದವರನ್ನೆಲ್ಲ ಮನಸ್ಸಿನಲ್ಲೇ ಜಾಡಿಸುತ್ತಿದ್ದಳು. ಬೈಪೋಲಾರ್ ಕಾಯಿಲೆ ಇದ್ದವರ ಮನೆಮಂದಿಗೆ ತರಬೇತಿಯಂತೆ! ತಮ್ಮ ಅಂಬಾದಾಸನನ್ನು ವರ್ಷಗಟ್ಟಲೆ ಒಬ್ಬಳೇ ಸಂಭಾಳಿಸಿದವಳಿಗೆ ಇವರೇನು ಕಲಿಸುತ್ತಾರೆ, ಮಣ್ಣು? ಅವನ ಮನಸ್ಸು ಒಮ್ಮೆ ಮುಗಿಲಿಗೇರುತ್ತದೆ, ಒಮ್ಮೆ ಹಾಸಿಗೆ ಹಿಡಿಯುತ್ತದೆ. ಮಾತ್ರೆ ನುಂಗಿಸಬೇಕು, ಕಣ್ಣಿಡಬೇಕು. ಅಷ್ಟೇ ತಾನೇ?

ಮುಂದಿನ ಸಾಲಿನಲ್ಲಿ ಕೂತವನಂತೂ ಅವಳ ಕಣ್ಣಿಗೆ ಶುದ್ಧ ಬೆಪ್ಪ. ಹೆಸರು ಭೀಮಾಶಂಕರ, ಪಟಾನ್‌ಚೆರುವಿನ ಔಷಧ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅವನ ತಾಯಿ ಯಮುನಾಬಾಯಿಗೂ ಇದೇ ಕಾಯಿಲೆ. ಅವ್ವ ಬೇಗಂ ಬಜಾರಿಗೆ ಹೋಗಿ ಟೆಂಪೋ ತುಂಬ ಸ್ಟೀಲ್ ಕೊಡ ತಂದದ್ದನ್ನು ಪಕ್ಕದವರಿಗೆ ನಗುನಗುತ್ತಾ ಹೇಳುತ್ತಿದ್ದ. ಇಂಥದ್ದಕ್ಕೂ ಹಲ್ಲು ಕಿರಿಯುತ್ತಾರೆಯೇ?

ಪಾಠ ಹೇಳುವ ಡಾಕ್ಟರ್ ಮಾನಸಾ ಅವತ್ತು ನಾಟಕ ಮಾಡಿಸಿದರು. ಒಬ್ಬರು ಕಾಯಿಲೆಯವರಾಗಬೇಕು, ಇನ್ನೊಬ್ಬರು ಮನೆಯವರಾಗಿ ಸಮಾಧಾನದಿಂದ ಮಾತಾಡಬೇಕು. ಒಂದೇ ಮನೆಮಾತಿನವರು ಜೊತೆಯಾಗಬೇಕು. ಹಾಲ್‌ನಲ್ಲಿದ್ದ ಕನ್ನಡದವರು ಇಬ್ಬರೇ.

ಕರ್ಮ, ಎಂದುಕೊಂಡಳು ಶಿವದೇವಿ.

ಭೀಮಾಶಂಕರ ಕುರ್ಚಿ ಎಳೆದುಕೊಂಡು ಎದುರು ಕೂತ. "ನಾ ಈಗ ಭಾಳ ಖುಷಿಯೊಳಗ ಅದೀನಿ ಅನ್ಕೋರಿ. ಸಿಕಂದರಾಬಾದ್ ಸ್ಟೇಷನ್ ಖರೀದಿ ಮಾಡಾಕತ್ತೀನಿ."

"ಮಾಡ್ರಿ. ಅಲ್ಲೇ ಕ್ಲರ್ಕ್ ಇದೀನಿ, ಪಗಾರ ಹೆಚ್ಚು ಮಾಡ್ರಿ."

"ಹಂಗ ಅನಬಾರದಂತ್ರೀ. ಪ್ರೀತಿಲೆ ತಿಳಿಸಿ ಹೇಳಬೇಕಂತ."

"ಪ್ರೀತಿ ಖಾಲಿ ಆಗೈತಿ. ನಾಳಿ ಬರ್ರಿ."

ಅವನು ಗಹಗಹಿಸಿ ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಗುಳಿ ಬೀಳುವುದನ್ನು ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೆಯೇ ಸಿಟ್ಟಾದಳು.

ಆಮೇಲಿನ ಭಾನುವಾರಗಳಲ್ಲಿ ಕ್ಲಾಸ್ ಮುಗಿದ ಮೇಲೆ ಎದುರಿನ ಇರಾನಿ ಹೋಟೆಲ್ಲಿನಲ್ಲಿ ಇಬ್ಬರೂ ಚಹಾ ಕುಡಿಯತೊಡಗಿದರು. ಚಹಾ ಪಾನಕದ ಹಾಗಿದೆ ಎಂದು ಬೈಯುತ್ತಲೇ ಅವಳು ಎರಡನೇ ಕಪ್ ತರಿಸುತ್ತಿದ್ದಳು. ಅವನು ತುಟಿಯಂಚಿನಲ್ಲಿ ನಗುತ್ತಾ ನೋಡುತ್ತಿದ್ದ. ಒಮ್ಮೆ ತನ್ನನ್ನು ನೋಡಲು ಬಂದಿದ್ದ ಎಂಜಿನಿಯರ್ ವರನ ಕಥೆ ಹೇಳಿದಳು.

"ಲಗ್ನದ ದಿನ ನಿಮ್ಮ ತಮ್ಮನ್ನ ಯಾರಿಗೂ ಕಾಣದಂಗ ಇಡ್ರಿ ಅಂದ, ಹಲ್ಕಟ್."

"ನೀವೇನಂದ್ರಿ?"

"ಅವನ ಕೈಯಾಗಿನ ಚಹಾ ಕಪ್ ಕಸಕೊಂಡೆ. ಅರ್ಧಾ ಕುಡಿದಿದ್ದ."

ಮುಂದಿನ ವಾರ ಭೀಮಾಶಂಕರ ಹೊಸ ಅಂಗಿ ತೊಟ್ಟು ಬಂದ. ಕಣ್ಣು ಕೆಂಪಾಗಿದ್ದವು, ಮಾತು ಓಡುತ್ತಿತ್ತು. ಹೋಟೆಲ್ಲಿನಲ್ಲಿ ಚಹಾ ಬರುವ ಮೊದಲೇ ಶುರು ಮಾಡಿದ. "ರಾತ್ರಿ ನಿದ್ದಿನೇ ಬಂದಿಲ್ರೀ. ನಿಮ್ಮನ್ನ ಲಗ್ನ ಆಗಬೇಕಂತ ಮಾಡೀನಿ. ನಿಮ್ಮ ತಮ್ಮ, ನಮ್ಮವ್ವ, ನಾವಿಬ್ಬರು, ಎಲ್ಲಾರಿಗೂ ಆಗೂವಂಥ ಮನೀನೂ ನೋಡಿ ಬಂದೀನಿ!"

ಶಿವದೇವಿಯ ಎದೆ ಒಮ್ಮೆ ಹಾರಿತು. ಆದರೆ ತಮ್ಮನನ್ನು ಕಾದು ಪಳಗಿದ ಕಣ್ಣು ಸುಮ್ಮನಿರಬೇಕಲ್ಲ? ನಿದ್ದೆ ಇಲ್ಲ, ಓಡುವ ಮಾತು, ಹೊಸ ಬಟ್ಟೆ, ದೊಡ್ಡ ಯೋಜನೆ. ಡಾಕ್ಟರ್ ಹೇಳಿದ ಲಕ್ಷಣಗಳೆಲ್ಲ ಎದುರಿಗೇ ಕೂತಿದ್ದವು.

"ನಿಮ್ಮವ್ವಂದೇ ನಿಮಗೂ ಶುರು ಆಗೈತಿ," ಎಂದಳು. "ಡಾಕ್ಟರ್ ಇನ್ನೂ ದವಾಖಾನಿಯೊಳಗ ಅದಾರ, ಹೋಗಿ ತೋರಿಸ್ರಿ."

ಅವನ ಮುಖ ಕಪ್ಪಿಟ್ಟಿತು. "ಮನಿಷ್ಯಾ ಖುಷಿಯಾಗಿದ್ರ ನಿಮಗ ಗುಳಿಗೀನೇ ನೆನಪಾಗ್ತೈತೇನ್ರೀ? ನಿಮ್ಮ ತಮ್ಮಗಾದ್ರೂ ಮನಿಯೊಳಗ ನಗಾಕ ಪರ್ಮಿಷನ್ ಐತೋ ಇಲ್ಲೋ?" ಎಂದವನೇ ಎದ್ದು ಹೋದ.

ಹೋಗಲಿ, ಪೀಡೆ ತೊಲಗಿತು ಎಂದು ಬಸ್ಸಿನುದ್ದಕ್ಕೂ ಬೈದುಕೊಂಡಳು. ಮನೆಗೆ ಬಂದರೆ ಅಂಬಾದಾಸ ಫೋನ್ ನೋಡುತ್ತಾ ಹೊಟ್ಟೆ ಹಿಡಿದು ನಗುತ್ತಿದ್ದ. ಅವಳು ಬಾಗಿಲಲ್ಲಿ ಕಂಡದ್ದೇ ತಡ, ನಗು ನಿಂತಿತು.

"ಗುಳಿಗಿ ತಗೊಂಡೀನಕ್ಕಾ. ನಿದ್ದಿನೂ ಛಲೋ ಆಗೈತಿ. ಸುಮ್ಮ ವಿಡಿಯೋ ನೋಡಾಕತ್ತಿದ್ದೆ, ಅಷ್ಟ," ಎಂದ, ಕದ್ದು ಸಿಕ್ಕಿಬಿದ್ದವನ ಹಾಗೆ.

ಶಿವದೇವಿ ಹೊಸ್ತಿಲ ಮೇಲೆಯೇ ಕೂತಳು. ಊರನ್ನೆಲ್ಲ ಜಾಡಿಸುವ ನಾಲಿಗೆ ಈಗ ಅವಳ ಮೇಲೆಯೇ ತಿರುಗಿತ್ತು. ಆ ಎಂಜಿನಿಯರ್ ತಮ್ಮನನ್ನು ಒಂದು ದಿನ ಬಚ್ಚಿಡು ಎಂದ, ನೀನು ದಿನಾ ಅವನ ನಗುವನ್ನೇ ಬಚ್ಚಿಡಿಸಿದೆಯಲ್ಲೇ, ದೊಡ್ಡ ಸಾಹುಕಾರ್ತಿ! ಅಳು ನುಗ್ಗಿ ಬಂತು. ತಮ್ಮನಿಗೆ ಎಲ್ಲವನ್ನೂ ಹೇಳಿದಳು.

ಅಂಬಾದಾಸ ಹಣೆ ಬಡಿದುಕೊಂಡ. "ಮನಿಷ್ಯಾ ನಿದ್ದಿಗೆಟ್ಟು ಲಗ್ನ ಕೇಳ್ಯಾನ, ನೀ ಡಾಕ್ಟರ್ ಕಡೆ ಕಳಿಸಿ ಬಂದಿ! ಥೂ ನಿನ್ನ! ಬರೂ ಐತ್ವಾರ ನಾನೂ ಬರ್ತೀನಿ ನಡಿ."

ಆ ಭಾನುವಾರ ಭೀಮಾಶಂಕರ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಶಿವದೇವಿ ತಮ್ಮನ ಕೈ ಹಿಡಿದು ನೇರ ಅವನ ಮುಂದೆ ನಿಂತಳು.

"ತಪ್ಪಾತ್ರೀ. ನನ್ನ ಬಾಯಿ ಭಾಳ ಕೆಟ್ಟದ್ದು, ಕಣ್ಣು ಅದಕ್ಕಿಂತ ಕೆಟ್ಟದ್ದು. ನೀವಂದ್ರ ನನಗ ಜೀವ." ತಮ್ಮನನ್ನು ಮುಂದೆ ಎಳೆದಳು. "ಆದ್ರ ಲಗ್ನದಾಗ ಇವ ನನ್ನ ಬಾಜೂಕೇ ನಿಂದರತಾನ. ಮುಚ್ಚಿಡಂಗಿಲ್ಲ."

ಭೀಮಾಶಂಕರ ಅಕ್ಕನನ್ನೂ ತಮ್ಮನನ್ನೂ ನೋಡಿದ. "ಯಾಕ ಮುಚ್ಚಿಡೂದು? ನಮ್ಮವ್ವನ್ನೂ ಅವನ್ನೂ ಬಾಗಲದಾಗೇ ನಿಂದ್ರಸೂಣು, ಬಂದವರನ್ನ ಕರಿಯಾಕ. ಹೆದರಿ ಓಡಿ ಹೋಗವರು ಹೋಗ್ಲಿ, ಊಟ ಉಳೀತೈತಿ."

ಅಂಬಾದಾಸ ಹಾಲ್ ಹಾರಿ ಹೋಗುವ ಹಾಗೆ ನಕ್ಕ. ಎಲ್ಲರೂ ತಿರುಗಿ ನೋಡಿದರು. ಶಿವದೇವಿಯ ಕಣ್ಣು ಅಭ್ಯಾಸದಂತೆ ತಮ್ಮನ ಮುಖ ಪರೀಕ್ಷಿಸಲು ಹೊರಟಿತು. ಅವಳು ಅದನ್ನು ಅರ್ಧಕ್ಕೇ ತಡೆದಳು, ಅವನ ಜೊತೆ ತಾನೂ ನಕ್ಕುಬಿಟ್ಟಳು.